ಪ್ರಶ್ನೋತ್ತರ ವೇಳೆ: ಸಚಿವರು ಸದನಕ್ಕೆ ಉತ್ತರ ಹೇಳುವ ಬಗೆ

ಲೋಕಸಭೆ ಬೆಳಿಗ್ಗೆ 11 ಗಂಟೆಗೆ ಸೇರಿದರೆ ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ರಾಜ್ಯಸಭೆಯಲ್ಲೂ ಹಾಗೆಯೇ ಇತ್ತು. ಆದರೆ ಬೆಳಗಿನ ಗದ್ದಲಕ್ಕೆ ಮೊದಲು ಬಲಿಯಾಗುತ್ತಿದ್ದುದೇ ಈ ಅವಧಿಯಾದ್ದರಿಂದ 2014ರ ನವೆಂಬರ್‌ನಿಂದ ಅದನ್ನು ಮಧ್ಯಾಹ್ನ 12ಕ್ಕೆ ಸರಿಸಲಾಯಿತು. ಕರ್ನಾಟಕದ ವಿಧಾನಸಭೆ ಮತ್ತು ವಿಧಾನ ಪರಿಷತ್ತುಗಳಲ್ಲಿಯೂ, ಅಧಿವೇಶನ ಬೆಂಗಳೂರಿನಲ್ಲಿ ನಡೆಯಲಿ ಬೆಳಗಾವಿಯಲ್ಲಿ ನಡೆಯಲಿ, ದಿನದ ಕಾರ್ಯಕಲಾಪ ಪಟ್ಟಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ರಸ್ತೆ, ಪಡಿತರ, ವಿದ್ಯುತ್, ಶಾಲಾ ಕಟ್ಟಡ, ಬೆಳೆ ವಿಮೆ, ಕಾರಾಗೃಹ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳು ಒಂದೇ ಗಂಟೆಯಲ್ಲಿ ಸಾಲಾಗಿ ಬರುತ್ತವೆ. ಕೇಳುವವರು ವಿರೋಧ ಪಕ್ಷದವರೇ ಆಗಬೇಕಿಲ್ಲ. ಆಡಳಿತ ಪಕ್ಷದ ಸದಸ್ಯರೂ ತಮ್ಮದೇ ಸರ್ಕಾರದ ಸಚಿವರನ್ನು ಪ್ರಶ್ನಿಸುತ್ತಾರೆ, ಕೆಲವೊಮ್ಮೆ ಹೆಚ್ಚು ಖಾರವಾಗಿಯೇ.

ಸಂವಿಧಾನದಲ್ಲಿ ಪ್ರಶ್ನೋತ್ತರ ವೇಳೆಯ ಉಲ್ಲೇಖವಿಲ್ಲ. ಕೇಂದ್ರ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಎಂದು 75ನೇ ವಿಧಿಯೂ, ರಾಜ್ಯದ ಮಂತ್ರಿಮಂಡಲ ವಿಧಾನಸಭೆಗೆ ಹೊಣೆ ಎಂದು 164ನೇ ವಿಧಿಯೂ ಹೇಳುತ್ತವೆ. ಆ ಹೊಣೆಯನ್ನು ದಿನನಿತ್ಯ ವಸೂಲಿ ಮಾಡುವ ಉಪಾಯವನ್ನು ಆಯಾ ಸದನದ ಕಾರ್ಯವಿಧಾನ ನಿಯಮಗಳು ಒದಗಿಸಿವೆ. ಅವಿಶ್ವಾಸ ನಿರ್ಣಯ ಅಪರೂಪದ ಅಸ್ತ್ರ, ಪ್ರಶ್ನೆ ಮಾತ್ರ ಯಾವ ಸದಸ್ಯನಾದರೂ ಒಬ್ಬನೇ ಎತ್ತಬಹುದಾದದ್ದು. ಅದಕ್ಕೆ ಬಹುಮತ ಬೇಕಿಲ್ಲ, ಪಕ್ಷದ ಅಪ್ಪಣೆಯೂ ಬೇಕಿಲ್ಲ.

ಸಚಿವರನ್ನು ಹೀಗೆ ಕೇಳುವ ರೂಢಿ ಬ್ರಿಟನ್ನಿನದು. ಅಲ್ಲಿ ದಾಖಲಾದ ಮೊದಲ ಪ್ರಶ್ನೆ 1721ರದು. ಸೌತ್ ಸೀ ಕಂಪನಿ ಮುಳುಗಿದ ಮೇಲೆ ಪರಾರಿಯಾಗಿದ್ದ ಅದರ ಮುಖ್ಯ ಕ್ಯಾಷಿಯರ್ ರಾಬರ್ಟ್ ನೈಟ್ ಸಿಕ್ಕಿಬಿದ್ದಿರುವುದು ನಿಜವೇ ಎಂದು ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೂಪರ್ ಕೇಳಿದ್ದರು. ಭಾರತದಲ್ಲಿ 1861ರ ಕಾಯ್ದೆ ರಚಿಸಿದ ಶಾಸನ ಪರಿಷತ್ತಿಗೆ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಇರಲಿಲ್ಲ. 1892ರ ಕಾಯ್ದೆ ಆ ಬಾಗಿಲನ್ನು ತುಸು ತೆರೆಯಿತು. 1893ರ ಫೆಬ್ರವರಿ 16ರಂದು ಭಿಂಗಾದ ರಾಜರು ಕೇಳಿದ್ದೇ ಮೊದಲ ಪ್ರಶ್ನೆ. ಪ್ರವಾಸಕ್ಕೆ ಬರುವ ಸರ್ಕಾರಿ ಅಧಿಕಾರಿಗಳಿಗೆ ದಿನಸಿ ಸಾಮಾನು ಹೊಂದಿಸಿಕೊಡುವುದರಿಂದ ಹಳ್ಳಿಯ ಅಂಗಡಿಯವರಿಗೆ ಆಗುತ್ತಿದ್ದ ತೊಂದರೆಯನ್ನು ಕುರಿತದ್ದು ಅದು. ಸಾಮ್ರಾಜ್ಯದ ಶಾಸನ ಪರಿಷತ್ತಿನ ಮೊಟ್ಟಮೊದಲ ಪ್ರಶ್ನೆ ಹಳ್ಳಿಯಂಗಡಿಯ ಬಳಿಯೇ ಸುಳಿದದ್ದು ಗಮನಿಸತಕ್ಕದ್ದು. ಆಗ ಉತ್ತರ ಬಂದಲ್ಲಿಗೆ ವಿಷಯ ಮುಗಿಯುತ್ತಿತ್ತು, ಮರುಪ್ರಶ್ನೆಗೆ ಅವಕಾಶವಿರಲಿಲ್ಲ. 1909ರ ಸುಧಾರಣೆಯಲ್ಲಿ ಮೂಲ ಪ್ರಶ್ನೆ ಕೇಳಿದವರಿಗೆ ಉಪಪ್ರಶ್ನೆಯ ಹಕ್ಕು ಬಂತು. 1919ರ ಕಾಯ್ದೆಯ ನಂತರ ಅದು ಎಲ್ಲ ಸದಸ್ಯರಿಗೂ ವಿಸ್ತರಿಸಿತು.

ಮೈಸೂರು ಸಂಸ್ಥಾನದ ದಾರಿ ಬೇರೆ. ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ದಸರಾ ಕಾಲದಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ದಿವಾನರು ವರ್ಷದ ಆಡಳಿತ ವರದಿಯನ್ನು ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಡುತ್ತಿದ್ದರು. ಅಹವಾಲಿಗೂ ಪ್ರಶ್ನೆಗೂ ಇರುವ ಅಂತರ ದೊಡ್ಡದು. ಅಹವಾಲನ್ನು ಕೇಳಿ ಸುಮ್ಮನಿರಬಹುದು, ಪ್ರಶ್ನೆಗೆ ಉತ್ತರ ಕೊಡಲೇಬೇಕು. ಆದರೂ ಆಳುವವರು ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ ಒಪ್ಪಿಸುವ ಅಭ್ಯಾಸ ಈ ನಾಡಿಗೆ ಹೊಸದಲ್ಲ.

ಈಗಿನ ನಿಯಮಗಳಲ್ಲಿ ಪ್ರಶ್ನೆಗಳು ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದವು ಪಟ್ಟಿಗೆ ಸೇರುತ್ತವೆ. ರಾಜ್ಯಸಭೆಯಲ್ಲಿ ಈ ಸಂಖ್ಯೆ 15 ಮತ್ತು 160. ತೀರಾ ತುರ್ತು ವಿಷಯಕ್ಕೆ ಅಲ್ಪಾವಧಿ ಸೂಚನೆಯ ಪ್ರಶ್ನೆ ಎಂಬ ಮೂರನೆಯ ದಾರಿಯಿದೆ, ಆದರೆ ಅದಕ್ಕೆ ಸಚಿವರ ಒಪ್ಪಿಗೆ ಬೇಕಾದ್ದರಿಂದ ಬಳಕೆ ಕಡಿಮೆ. ಲೋಕಸಭೆಯಲ್ಲಿ ಪ್ರಶ್ನೆ ಸಾಮಾನ್ಯವಾಗಿ 150 ಪದಗಳನ್ನು ಮೀರುವಂತಿಲ್ಲ. ಅದರಲ್ಲಿ ವಾದ, ವ್ಯಂಗ್ಯ, ಆರೋಪ ಇರಕೂಡದು. ಸಚಿವರ ಅಭಿಪ್ರಾಯ ಕೇಳುವಂತಿಲ್ಲ, ನ್ಯಾಯಾಲಯದ ಮುಂದಿರುವ ವಿಚಾರವನ್ನು ಎತ್ತುವಂತಿಲ್ಲ. ಸಚಿವಾಲಯಗಳನ್ನು ಗುಂಪು ಮಾಡಿ ವಾರದ ಒಂದೊಂದು ದಿನ ಹಂಚಿರುತ್ತಾರೆ. ಸೂಚನೆಗಳು ರಾಶಿ ಬೀಳುವುದರಿಂದ ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ಬ್ಯಾಲಟ್ ನಿರ್ಧರಿಸುತ್ತದೆ. ಎಷ್ಟು ಮಹತ್ವದ ಪ್ರಶ್ನೆಯಾದರೂ ಅದೃಷ್ಟ ಕೂಡಿಬರಬೇಕು.

ಪ್ರಶ್ನೆ ಅಂಗೀಕಾರವಾದ ಮೇಲೆ ಅದರ ನಿಜವಾದ ಪಯಣ ಆರಂಭ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ವಿಧಾನಸಭೆಯ ಪ್ರಶ್ನೆಗೆ ಎಲ್‌ಎಕ್ಯೂ ಎಂದೂ ಪರಿಷತ್ತಿನದಕ್ಕೆ ಎಲ್‌ಸಿಕ್ಯೂ ಎಂದೂ ಹೆಸರು. ಸಚಿವಾಲಯದಿಂದ ಇಲಾಖಾ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಅದು ಇಳಿದು ಬರುತ್ತದೆ. ‘ಎಲ್‌ಎಕ್ಯೂ ಬಂದಿದೆ’ ಎಂದರೆ ತಾಲ್ಲೂಕು ಕಚೇರಿಯಲ್ಲಿ ಉಳಿದ ಕಡತಗಳು ಪಕ್ಕಕ್ಕೆ ಸರಿಯುತ್ತವೆ. ಅಂಕಿಅಂಶ ಕೂಡಿಸಿ ಮತ್ತೆ ಅದೇ ಮೆಟ್ಟಿಲು ಹತ್ತಿಸಬೇಕು. ವರ್ಷಗಟ್ಟಲೆ ಯಾರೂ ಎಣಿಸದಿದ್ದ ಶಾಲಾ ಕೊಠಡಿಗಳನ್ನು ಒಂದು ಪ್ರಶ್ನೆಯ ದೆಸೆಯಿಂದ ಎಣಿಸುವುದುಂಟು. ಉತ್ತರ ಸದನಕ್ಕೆ ಬರುವ ಮೊದಲೇ ಪ್ರಶ್ನೆ ಅರ್ಧ ಕೆಲಸ ಮಾಡಿರುತ್ತದೆ ಎನ್ನಬಹುದು.

ಉತ್ತರದ ಹಾಳೆಗೆ ತನ್ನದೇ ಶೈಲಿಯಿದೆ. ಮೇಲೆ ಸದಸ್ಯರ ಹೆಸರು, ಉತ್ತರಿಸುವ ಸಚಿವರು, ಉತ್ತರಿಸುವ ದಿನಾಂಕ. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಒಂದು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಗ್ಗೆ ಪ್ರಶ್ನೆ ಬಂದಿದೆ ಎಂದಿಟ್ಟುಕೊಳ್ಳಬಹುದು. (ಅ) ವೈದ್ಯರ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. (ಆ) ಬಂದಿದ್ದಲ್ಲಿ, ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಹುದ್ದೆಗಳೆಷ್ಟು? ಉತ್ತರ: ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ. (ಇ) ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು? ಉತ್ತರ: ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ. ಮೊದಲನೆಯದಕ್ಕೆ ‘ಇಲ್ಲ’ ಎಂದುಬಿಟ್ಟರಂತೂ ಉಳಿದವುಗಳ ಎದುರು ‘ಉದ್ಭವಿಸುವುದಿಲ್ಲ’ ಎಂದು ಬರೆದು ಮುಗಿಸಬಹುದು. ಕಾಲಮಿತಿ ಕೇಳಿದರೆ ದಿನಾಂಕ ಕೊಡದೆ, ಸುಳ್ಳನ್ನೂ ಹೇಳದೆ ಜಾರಿಕೊಳ್ಳುವ ಈ ಕಲೆಯಲ್ಲಿ ಸಚಿವಾಲಯದ ಪಳಗಿದ ಕೈಗಳಿಗೆ ಸಮಾನರಿಲ್ಲ.

ಅದಕ್ಕೇ ಲಿಖಿತ ಉತ್ತರಕ್ಕಿಂತ ಉಪಪ್ರಶ್ನೆ ಮುಖ್ಯ. ಚುಕ್ಕೆ ಗುರುತಿನ ಪ್ರಶ್ನೆಯ ಉತ್ತರ ಸದಸ್ಯರ ಕೈಗೆ ಮೊದಲೇ ಸೇರಿರುವುದರಿಂದ ಸದನದಲ್ಲಿ ‘ಉತ್ತರ ಒದಗಿಸಿದ್ದೇನೆ’ ಎಂದು ಸಚಿವರು ಕುಳಿತುಬಿಡುತ್ತಾರೆ. ಆಮೇಲಿನದು ಸಿದ್ಧಪಾಠವಲ್ಲ. ಮೇಲಿನ ಉದಾಹರಣೆಯಲ್ಲಿ ಜಾಣ ಸದಸ್ಯ ಖಾಲಿ ಹುದ್ದೆಗಳ ಮಾತನ್ನೇ ಎತ್ತುವುದಿಲ್ಲ. ಅನುಬಂಧದಲ್ಲಿ ‘ಭರ್ತಿ’ ಎಂದು ತೋರಿಸಿದ ವೈದ್ಯರಲ್ಲಿ ನಿಯೋಜನೆಯ ಮೇಲೆ ಬೇರೆ ಊರಿನಲ್ಲಿ ಕೆಲಸ ಮಾಡುತ್ತಿರುವವರೆಷ್ಟು ಎಂದು ಕೇಳುತ್ತಾನೆ. ಆಗ ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುತ್ತದೆ, ಇಲ್ಲವೇ ಸಚಿವರು ಮಾಹಿತಿ ತರಿಸಿ ಕೊಡುವುದಾಗಿ ಹೇಳುತ್ತಾರೆ. ಇಲಾಖೆಗಳು ಸಂಭವನೀಯ ಉಪಪ್ರಶ್ನೆಗಳಿಗೆ ಟಿಪ್ಪಣಿ ಸಿದ್ಧಪಡಿಸಿ ಕಡತದ ಜೊತೆ ಕಳಿಸುತ್ತವಾದರೂ ಎಲ್ಲವನ್ನೂ ಊಹಿಸಲಾಗದು. ಇಲಾಖೆ ಬಲ್ಲ ಸಚಿವರು ಯಾರು, ಹಾಳೆ ನೋಡಿ ಓದುವವರು ಯಾರು ಎಂಬುದು ಎರಡೇ ನಿಮಿಷದಲ್ಲಿ ತಿಳಿದುಬಿಡುತ್ತದೆ.

ಸದನದ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1957ರ ಮುಂಧ್ರಾ ಪ್ರಕರಣ ಈಗಲೂ ಮೊದಲು ನೆನಪಾಗುವ ಉದಾಹರಣೆ. ಜೀವ ವಿಮೆಯ ರಾಷ್ಟ್ರೀಕರಣದಿಂದ ಹೊಸದಾಗಿ ಹುಟ್ಟಿದ್ದ ಜೀವ ವಿಮಾ ನಿಗಮ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಲ್ಲಿ 1.24 ಕೋಟಿ ರೂಪಾಯಿಯಷ್ಟು ಹಣ ತೊಡಗಿಸಿತ್ತು. ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್ ಮೊದಲಾದವರು ಎತ್ತಿದ ಪ್ರಶ್ನೆಗಳಿಗೆ ಬಂದ ಉತ್ತರಗಳು ಸಮಾಧಾನ ತರಲಿಲ್ಲ. ಕಾಂಗ್ರೆಸ್ಸಿನವರೇ ಆದ, ಪ್ರಧಾನಿ ನೆಹರೂ ಅವರ ಅಳಿಯ ಫಿರೋಜ್ ಗಾಂಧಿ ಡಿಸೆಂಬರ್‌ನಲ್ಲಿ ವಿಷಯವನ್ನು ಚರ್ಚೆಗೆ ತಂದು ಬಿಡಿಸಿಟ್ಟರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಬಹಿರಂಗ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಬರಿಯ ಪ್ರಶ್ನೆಯಿಂದ ಸಚಿವರು ಉರುಳಲಿಲ್ಲ ನಿಜ. ಆದರೆ ಒಮ್ಮೆ ಕೊಟ್ಟ ಉತ್ತರ ದಾಖಲೆಯಲ್ಲಿ ಕುಳಿತ ಮೇಲೆ ಅದನ್ನು ಹಿಂದೆಗೆದುಕೊಳ್ಳುವುದು ಕಷ್ಟವಾಯಿತು.

ಬೆಲೆಯುಳ್ಳ ವಸ್ತುವಿಗೆ ಕಳ್ಳ ಮಾರುಕಟ್ಟೆಯೂ ಹುಟ್ಟುತ್ತದೆ. 1951ರಲ್ಲೇ ಎಚ್.ಜಿ. ಮುದ್ಗಲ್ ಎಂಬ ಸದಸ್ಯರು ಮುಂಬಯಿಯ ಚಿನಿವಾರರ ಸಂಘವೊಂದರಿಂದ ಹಣ ಪಡೆದು ಸಂಸತ್ತಿನಲ್ಲಿ ಅದರ ಪರ ಕೆಲಸ ಮಾಡಿದ್ದು ಸಾಬೀತಾಗಿ, ಉಚ್ಚಾಟನೆಯ ನಿರ್ಣಯ ಎದುರಾದಾಗ ರಾಜೀನಾಮೆ ಕೊಟ್ಟಿದ್ದರು. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆಯುವುದು ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ, ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರು ಸ್ಥಾನ ಕಳೆದುಕೊಂಡರು. ಸದನಗಳಿಗೆ ಹಾಗೆ ಉಚ್ಚಾಟಿಸುವ ಅಧಿಕಾರವಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹಣಕ್ಕಿಂತ ದೊಡ್ಡ ಶತ್ರು ಗದ್ದಲ. ಸದಸ್ಯರು ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದರೆಂದರೆ ಆ ದಿನದ ಪ್ರಶ್ನೋತ್ತರ ಮುಗಿದಂತೆಯೇ. ಚುಕ್ಕೆ ಗುರುತಿನ ಪ್ರಶ್ನೆಗಳೂ ಲಿಖಿತ ಉತ್ತರಗಳಾಗಿ ಮಾರ್ಪಟ್ಟು ಮೇಜಿನ ಮೇಲೆ ಕೂರುತ್ತವೆ, ಉಪಪ್ರಶ್ನೆಗೆ ಜಾಗವೇ ಉಳಿಯುವುದಿಲ್ಲ. ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸಲೆಂದು ಎಬ್ಬಿಸಿದ ಗದ್ದಲದಿಂದ ಹೆಚ್ಚು ನಿರಾಳವಾಗುವವರು ಆ ದಿನ ಉತ್ತರಿಸಬೇಕಿದ್ದ ಸಚಿವರೇ. ಗದ್ದಲವಿಲ್ಲದ ದಿನವೂ ಪಟ್ಟಿಯ ಮೊದಲ ಕೆಲವಷ್ಟೇ ಮೌಖಿಕ ಉತ್ತರ ಕಾಣುತ್ತವೆ. 2019ರ ನವೆಂಬರ್‌ನಲ್ಲಿ ಒಂದು ದಿನ ಲೋಕಸಭೆ ಪಟ್ಟಿಯ ಇಪ್ಪತ್ತನ್ನೂ ಮುಗಿಸಿದಾಗ, 1972ರ ನಂತರ ಇದೇ ಮೊದಲು ಎಂದು ಸುದ್ದಿಯಾಯಿತು. ಪ್ರಶ್ನೋತ್ತರವನ್ನೇ ಕೈಬಿಟ್ಟ ಅಧಿವೇಶನಗಳೂ ಇವೆ: 1962ರ ಚೀನಾ ಯುದ್ಧ, 1971ರ ಯುದ್ಧ, ತುರ್ತು ಪರಿಸ್ಥಿತಿ, ಮತ್ತು 2020ರ ಸೆಪ್ಟೆಂಬರ್‌ನ ಕೋವಿಡ್ ಕಾಲ. ಕೊನೆಯದರಲ್ಲಿ ಲಿಖಿತ ಉತ್ತರಗಳು ಮಾತ್ರ ಮುಂದುವರಿದವು.

ಬ್ರಿಟನ್ನಿನಲ್ಲಿ ಪ್ರಧಾನಿ ಪ್ರತಿ ಬುಧವಾರ ಅರ್ಧ ಗಂಟೆ ಸದನದಲ್ಲಿ ನಿಂತು ಉತ್ತರಿಸುತ್ತಾರೆ. ಮುಖ್ಯ ಪ್ರಶ್ನೆಗಳ ಸುಳಿವು ಮೊದಲೇ ಇರುವುದಿಲ್ಲ. ಭಾರತದಲ್ಲಿ ಪ್ರಧಾನಿಗೆ ಅಂಥ ಪ್ರತ್ಯೇಕ ಅವಧಿ ಇಲ್ಲ, ಅವರ ಬಳಿಯಿರುವ ಖಾತೆಗಳ ಪ್ರಶ್ನೆಗಳಿಗೆ ಹೆಚ್ಚಾಗಿ ಕೇಂದ್ರದ ರಾಜ್ಯ ಖಾತೆ ಸಚಿವರೇ ಉತ್ತರಿಸುತ್ತಾರೆ.

ಉತ್ತರ ಅಪೂರ್ಣ ಎನಿಸಿದರೆ ಲೋಕಸಭೆಯಲ್ಲಿ ಅರ್ಧ ಗಂಟೆಯ ಚರ್ಚೆಗೆ ಸೂಚನೆ ಕೊಡಬಹುದು. ಉತ್ತರದಲ್ಲಿ ತಪ್ಪು ನುಸುಳಿದ್ದರೆ ಸದಸ್ಯರು ಸ್ಪೀಕರ್‌ಗೆ ಬರೆದು ತಿಳಿಸಬಹುದು, ಸಚಿವರು ಸದನದಲ್ಲೇ ತಿದ್ದುಪಡಿ ಹೇಳಿಕೆ ನೀಡಬೇಕಾಗುತ್ತದೆ. ಬೇಕೆಂದೇ ದಾರಿ ತಪ್ಪಿಸಿದ್ದು ಸಾಬೀತಾದರೆ ಅದು ಹಕ್ಕುಚ್ಯುತಿ.

ಇನ್ನು ‘ಪರಿಶೀಲಿಸುತ್ತೇನೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಮಾತುಗಳ ಲೆಕ್ಕವಿಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಅದು 1953ರಲ್ಲಿ ರಚನೆಯಾಯಿತು, ಕರ್ನಾಟಕದ ಸದನಗಳಲ್ಲೂ ಇದೆ. ಯಾವ ಯಾವ ಮಾತು ಭರವಸೆ ಎನಿಸಿಕೊಳ್ಳುತ್ತದೆ ಎಂಬುದಕ್ಕೆ ಲೋಕಸಭೆಯ ಬಳಿ ಒಂದು ಪಟ್ಟಿಯೇ ಉಂಟು. ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಸಚಿವರು ಹೇಳಿದರೆ ಅದೂ ಭರವಸೆಯೇ. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಹೆಚ್ಚುವರಿ ಕಾಲ ಕೇಳಬೇಕು. ಕಾರ್ಯಸಾಧ್ಯವಲ್ಲ ಎನಿಸಿದರೆ ಕೈಬಿಡುವಂತೆ ಇಲಾಖೆ ಕೋರಬಹುದು, ಸಮಿತಿ ಒಪ್ಪದಿದ್ದರೆ ಅಧಿಕಾರಿಗಳು ಅದರ ಮುಂದೆ ಹಾಜರಾಗಿ ಕಾರಣ ಹೇಳಬೇಕಾಗಬಹುದು. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿಯಿರುವ ಮಸೂದೆಗಳು ಬಿದ್ದುಹೋಗುತ್ತವೆ. ಸಮಿತಿಯ ಮುಂದಿರುವ ಭರವಸೆಗಳು ಬಿದ್ದುಹೋಗುವುದಿಲ್ಲ. ಚುನಾವಣೆ ಮುಗಿದು ಸಚಿವರು ಬದಲಾಗಿದ್ದರೂ ಅವು ಹೊಸ ಸಮಿತಿಯ ಮುಂದೆ ಬರುತ್ತವೆ.