ಹೊರಗೋಡೆಯ ವಿದ್ಯುತ್ ಸಾಕೆಟ್ಟು: ಜೀರ್ಣತೆ ಮತ್ತು ಪುನಃಸ್ಥಾಪನೆ

ವಿದ್ಯುತ್ ಎಂಬ ಶಬ್ದಕ್ಕೆ ಮಿಂಚೆಂಬುದೇ ಮೂಲಾರ್ಥ. 1902ರಲ್ಲಿ ಶಿವನಸಮುದ್ರದ ಜಲಶಕ್ತಿಯಿಂದ ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಈ ಮಿಂಚು ಕಾಲಕ್ರಮದಲ್ಲಿ ಮನೆಮನೆಯ ಊಳಿಗಕ್ಕೆ ನಿಂತಿತು. ಆದರೆ ಅದರ ಮೂಲಸ್ವಭಾವ ಮಾತ್ರ ಮಾಸಲಿಲ್ಲ. ಒಳಮನೆಯ ದೀಪ, ಸ್ವಿಚ್ಚುಗಳ ವಿಷಯದಲ್ಲಿ ತಕ್ಕಷ್ಟು ಎಚ್ಚರ ವಹಿಸುವ ಗೃಹಸ್ಥರೂ ಹಿತ್ತಿಲ ಗೋಡೆಯಲ್ಲಿ, ಬಾವಿಕಟ್ಟೆಯ ಬಳಿ, ತಾರಸಿಯ ಮೂಲೆಯಲ್ಲಿ ಇರುವ ಸಾಕೆಟ್ಟಿನತ್ತ ಕಣ್ಣು ಹಾಯಿಸುವುದು ವಿರಳ. ನೀರೆತ್ತುವ ಮೋಟಾರು, ಬಟ್ಟೆ ಒಗೆಯುವ ಯಂತ್ರ, ಮಂಗಳಕಾರ್ಯದ ದೀಪಮಾಲೆ ಇವೆಲ್ಲಕ್ಕೂ ಆಶ್ರಯವಾದ ಆ ಸಾಕೆಟ್ಟು ಬಿಸಿಲು ಮಳೆಗಳಿಗೆ ಮೈಯೊಡ್ಡಿ, ಒಳಗಿನ ಸಾಕೆಟ್ಟಿಗಿಂತ ಬಹು ಬೇಗ ಜೀರ್ಣವಾಗುತ್ತದೆ.

ಜೀರ್ಣತೆಯ ಲಕ್ಷಣಗಳು ಸುಲಭವಾಗಿ ಗೋಚರಿಸುವಂಥವೇ. ಬಿಸಿಲಿನಿಂದ ಪ್ಲಾಸ್ಟಿಕ್ಕು ಸುಣ್ಣದಂತೆ ಬಿಳಿಚಿ ಬಿರುಕು ಬಿಡುತ್ತದೆ. ಮುಚ್ಚಳದ ರಬ್ಬರು ಗಡುಸಾಗಿ ತೇವವನ್ನು ತಡೆಯಲಾರದಾಗುತ್ತದೆ. ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಇರುವೆಗಳು ಗೂಡುಕಟ್ಟುತ್ತವೆ, ಕಣಜವು ರಂಧ್ರಕ್ಕೆ ಮಣ್ಣು ಮೆತ್ತಿ ಮನೆ ಮಾಡುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾದುದು ಹಿಡಿತದ ಸಡಿಲಿಕೆ. ಪ್ಲಗ್ಗಿನ ಕಡ್ಡಿಗಳನ್ನು ಬಿಗಿದು ಹಿಡಿಯಬೇಕಾದ ಹಿತ್ತಾಳೆಯ ತುಟಿಗಳು ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಂಡಾಗ ಸಂಪರ್ಕದ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದೆಡೆ ಶಾಖ ಹುಟ್ಟುತ್ತದೆ. ಶಾಖದಿಂದ ತುಟಿಗಳು ಇನ್ನಷ್ಟು ಸಡಿಲವಾಗುತ್ತವೆ. ಚಟಚಟ ಸದ್ದು, ಕಮಟು ವಾಸನೆ, ರಂಧ್ರದ ಸುತ್ತ ಕಂದು ಕಲೆ ಕಂಡಲ್ಲಿ ಸಾಕೆಟ್ಟಿನ ಆಯುಷ್ಯ ಮುಗಿಯಿತೆಂದೇ ತಿಳಿಯತಕ್ಕದ್ದು.

ಫ್ಯೂಸು ಇರುವಾಗ ಭಯವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಲ್ಲಿಯೇ ಜನಸಾಮಾನ್ಯರ ಭ್ರಮೆ ಅಡಗಿದೆ. ತೊಯ್ದ ಮಾನವದೇಹದ ರೋಧವನ್ನು ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನ ಒತ್ತಡದಲ್ಲಿ ಅದರ ಮೂಲಕ ಹರಿಯುವುದು 230 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ಕಾಲುಭಾಗಕ್ಕೂ ಕಡಿಮೆ. ಆದರೆ ಹೃದಯದ ಬಡಿತ ತಾಳತಪ್ಪಿ ನಿಲ್ಲಲು ಅದರ ಅರ್ಧವೂ ಬೇಡ. 16 ಆಂಪಿಯರಿನ ಫ್ಯೂಸಿಗಾದರೋ ಇಷ್ಟು ಪ್ರವಾಹ ಲೆಕ್ಕಕ್ಕೇ ಬಾರದು. ಫ್ಯೂಸು ತಂತಿಯನ್ನು ಬೆಂಕಿಯಿಂದ ಕಾಯುತ್ತದೆಯೇ ವಿನಾ ಮನುಷ್ಯನನ್ನು ಆಘಾತದಿಂದ ಕಾಯಲಾರದು.

ಈ ಕೊರತೆಯನ್ನು ನೀಗಿದವರಲ್ಲಿ ಅಮೆರಿಕೆಯ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಪ್ರಮುಖರು. ಹಿಡಿದ ತಂತಿಯನ್ನು ಮನುಷ್ಯನು ತಾನಾಗಿ ಬಿಡಬಲ್ಲ ಪ್ರವಾಹದ ಮಿತಿಯೆಷ್ಟೆಂಬುದನ್ನು ಅವರು ಸ್ವಯಂಸೇವಕರ ಮೇಲೆ ಪ್ರಯೋಗಿಸಿ ಅಳೆದರು. ಅದು ಸರಾಸರಿಯಲ್ಲಿ ಪುರುಷರಿಗೆ 16, ಸ್ತ್ರೀಯರಿಗೆ 10.5 ಮಿಲಿಆಂಪಿಯರ್ ಎಂದು ಕಂಡುಬಂದಿತು. 1961ರಲ್ಲಿ ಅವರು ರೂಪಿಸಿದ ಉಪಕರಣದ ತತ್ತ್ವ ಬಹು ಸರಳ. ಫೇಸ್ ತಂತಿಯಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಎರಡು ತಂತಿಗಳೂ ಒಂದೇ ಉಂಗುರದ ಮೂಲಕ ಹಾಯುವಾಗ ಹೋಗು ಬರವುಗಳು ಸಮನಾಗಿದ್ದರೆ ಉಂಗುರವು ನಿಶ್ಚಲ. ಒಂದಂಶವು ದೇಹದ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿದರೆ ಸಮತೆ ಕೆಡುತ್ತದೆ. ಒಡನೆಯೇ ಸಂಪರ್ಕ ಕಡಿದುಹೋಗುತ್ತದೆ. ಜಮಾಖರ್ಚು ತಾಳೆಯಾಗದಿದ್ದರೆ ಅಂಗಡಿಯ ಬಾಗಿಲನ್ನೇ ಮುಚ್ಚುವ ಕರಣಿಕನ ಕಟ್ಟುನಿಟ್ಟು ಇದರದು.

ಅಮೆರಿಕೆಯಲ್ಲಿ ಈ ಉಪಕರಣವು ಹಲವೆಡೆ ಸಾಕೆಟ್ಟಿನ ಒಡಲಲ್ಲಿಯೇ ಇದ್ದು, ಸುಮಾರು 5 ಮಿಲಿಆಂಪಿಯರಿಗೇ ಕಡಿಯುತ್ತದೆ. 2015ರಿಂದೀಚೆಗೆ ತಯಾರಾದವು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದರಿಂದ, ಅಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಹೊರಗಿನ ಹಳೆಯ ಸಾಕೆಟ್ಟುಗಳನ್ನು ಬದಲಿಸುವುದು ಯುಕ್ತ. ಆದರೆ 120 ವೋಲ್ಟಿನ ಆ ಸಾಕೆಟ್ಟನ್ನು ತಂದು ಇಲ್ಲಿನ ಗೋಡೆಗೆ ಅಳವಡಿಸುವ ಉತ್ಸಾಹ ಸಲ್ಲದು. ನಮ್ಮ ದೇಶದ ಮನೆಗಳಲ್ಲಿ ಈ ರಕ್ಷಕವು ಸಾಮಾನ್ಯವಾಗಿ ಮುಖ್ಯ ಫಲಕದಲ್ಲಿರುತ್ತದೆ. ಆರ್‌ಸಿಸಿಬಿ ಎಂಬ ಹೆಸರಿನ ಇದು ಗೃಹಬಳಕೆಗೆ 30 ಮಿಲಿಆಂಪಿಯರಿನದಾಗಿರಬೇಕು. 100 ಅಥವಾ 300ರದು ಬೆಂಕಿಯನ್ನು ತಡೆದೀತು, ಪ್ರಾಣವನ್ನಲ್ಲ.

ಇನ್ನು ಬದಲಿಸುವ ಕ್ರಮ. ಮುಖ್ಯ ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ನಿಶ್ಚಿಂತೆ ಕೂಡದು. ಮನೆಯಲ್ಲಿ ಇನ್ವರ್ಟರ್ ಇದ್ದಲ್ಲಿ ಅದರ ಪ್ರವಾಹ ಕೆಲವು ತಂತಿಗಳಲ್ಲಿ ಹರಿಯುತ್ತಲೇ ಇರುತ್ತದೆ. ಅದನ್ನೂ ಆರಿಸಬೇಕು. ಟೆಸ್ಟರನ್ನು ಮೊದಲು ಪ್ರವಾಹವಿರುವಲ್ಲಿ ಹಚ್ಚಿ ಅದರ ದೀಪ ಸರಿಯಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ, ಎಲ್ಲವನ್ನೂ ಆರಿಸಿ ಸಾಕೆಟ್ಟಿಗೆ ಹಚ್ಚತಕ್ಕದ್ದು. ಕಪ್ಪಿಟ್ಟ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಬೇಕು. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ರಂಧ್ರ ಭೂಸಂಪರ್ಕದ್ದು, ಬಲಗಡೆಯದು ಫೇಸಿನದು, ಎಡಗಡೆಯದು ನ್ಯೂಟ್ರಲ್ಲಿನದು. ತಂತಿ ಸಿಕ್ಕಿಸುವುದು ಹಿಂಬದಿಯಿಂದಾದ್ದರಿಂದ ಎಡಬಲಗಳು ಅದಲುಬದಲಾಗುತ್ತವೆ. ಅನುಭವಿಗಳೂ ಎಡವುವುದು ಇಲ್ಲಿಯೇ. ಭೂಸಂಪರ್ಕದ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದೂ ಸಕಾರಣವೇ: ಪ್ಲಗ್ಗು ಒಳಹೋಗುವಾಗ ಅದು ಮೊದಲು ಸೇರಿ, ಹೊರಬರುವಾಗ ಕೊನೆಗೆ ಬಿಡುತ್ತದೆ.

ಭೂಸಂಪರ್ಕದ ತಂತಿಯಿಲ್ಲದ ಹಳೆಯ ಮನೆಗಳಲ್ಲಿ ಕೆಲವರು ಆ ರಂಧ್ರವನ್ನು ನ್ಯೂಟ್ರಲ್ಲಿಗೇ ಬೆಸೆದು ಕೆಲಸ ಮುಗಿಸುವ ದುರಭ್ಯಾಸವುಂಟು. ಇದಕ್ಕಿಂತ ಘೋರವಾದ ಜಾಣತನ ಮತ್ತೊಂದಿಲ್ಲ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ತುಂಡಾದರೆ, ಮೋಟಾರಿನ ಕಬ್ಬಿಣದ ಮೈಯೆಲ್ಲ ಫೇಸಾಗಿ ನಿಲ್ಲುತ್ತದೆ. ನೀರು ಹಿಡಿಯಲು ಬಂದ ಗೃಹಿಣಿಗೆ ಅದರ ಅರಿವಾದರೂ ಹೇಗಾದೀತು? ಅಂಥಲ್ಲಿ ಹೊಸ ಸಾಕೆಟ್ಟಿಗಿಂತ ಮೊದಲು ಭೂಸಂಪರ್ಕದ ತಂತಿಯನ್ನು ಎಳೆಯಿಸಬೇಕು. ಈ ಕೆಲಸವನ್ನೂ, ತಂತಿಗಳ ಗುರುತು ಸಿಗದ ಯಾವುದೇ ಕೆಲಸವನ್ನೂ ಪರವಾನಗಿಯುಳ್ಳ ಕುಶಲಿಗೇ ಒಪ್ಪಿಸುವುದು ವಿಹಿತ. ಇದ್ದಲು, ಉಪ್ಪು ತುಂಬಿದ ಹಳೆಯ ಮಾದರಿಯ ಭೂಸಂಪರ್ಕದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರುಣಿಸಬೇಕೆಂಬುದನ್ನು ಮರೆತವರೇ ಬಹಳ.

ಹೊರಗಿನ ಪೆಟ್ಟಿಗೆಯ ಮೇಲೆ ಐಪಿ ಎಂಬ ಅಕ್ಷರಗಳೂ ಎರಡು ಅಂಕಿಗಳೂ ಇರುತ್ತವೆ. ಮೊದಲನೆಯದು ಧೂಳಿನ, ಎರಡನೆಯದು ನೀರಿನ ತಡೆಯನ್ನು ಸೂಚಿಸುತ್ತದೆ. 44 ಎಂದರೆ ಎರಚಲನ್ನು, 55 ಎಂದರೆ ಚಿಮ್ಮುವ ನೀರನ್ನೂ ತಾಳಬಲ್ಲದು. ಮಲೆನಾಡು, ಕರಾವಳಿಗಳ ಮಳೆಗೆ ಎರಡನೆಯದೇ ಲೇಸು. ಆದರೆ ಹಲವು ಪೆಟ್ಟಿಗೆಗಳಿಗೆ ಈ ಯೋಗ್ಯತೆಯಿರುವುದು ಮುಚ್ಚಳ ಮುಚ್ಚಿದಾಗ ಮಾತ್ರ. ಮೋಟಾರಿನ ಪ್ಲಗ್ಗು ಸದಾ ಸಿಕ್ಕಿಸಿಯೇ ಇರುವುದಾದರೆ, ಪ್ಲಗ್ಗಿನ ಸಹಿತ ಮುಚ್ಚಿಕೊಳ್ಳುವ ಆಳವಾದ ಪೆಟ್ಟಿಗೆಯನ್ನೇ ಕೊಳ್ಳಬೇಕು. ತಂತಿಯು ಪೆಟ್ಟಿಗೆಯನ್ನು ಕೆಳಗಿನಿಂದ ಪ್ರವೇಶಿಸಲಿ. ಮೇಲಿನಿಂದ ಬಂದರೆ ಮಳೆನೀರಿಗೆ ಅದೇ ಕಾಲುವೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಬೇಕು; ಮುಂದೆಯೂ ತಿಂಗಳಿಗೊಮ್ಮೆ ಒತ್ತುತ್ತಿರಬೇಕು. ಒತ್ತಿದೊಡನೆ ಸನ್ನೆ ಕೆಳಗೆ ಬೀಳದಿದ್ದರೆ ಅದನ್ನೂ ಬದಲಿಸತಕ್ಕದ್ದು. ಮಳೆಗಾಲದಲ್ಲಿ ಪದೇ ಪದೇ ಬೀಳುವುದೆಂಬ ಬೇಸರದಿಂದ ಅದನ್ನೇ ಕಿತ್ತೊಗೆದ ಮನೆಗಳುಂಟು. ಅದು ಬೀಳುವುದು ಸೋರಿಕೆಯಿಂದ, ಇಲ್ಲವೇ ಬೇರೊಂದು ಸಾಲಿನ ನ್ಯೂಟ್ರಲ್ ಇದರೊಡನೆ ಬೆರೆತದ್ದರಿಂದ. ಎರಡೂ ಹುಡುಕಿದರೆ ಸಿಗುವಂಥ ದೋಷಗಳೇ. ಫೇಸ್ ಮತ್ತು ನ್ಯೂಟ್ರಲ್‌ಗಳೆರಡನ್ನೂ ಏಕಕಾಲಕ್ಕೆ ಮುಟ್ಟಿದವನನ್ನು ಮಾತ್ರ ಈ ಉಪಕರಣ ಕಾಪಾಡಲಾರದು, ಏಕೆಂದರೆ ಆಗ ನೆಲಕ್ಕೆ ಸೋರುವುದೇನೂ ಇರುವುದಿಲ್ಲ. ಭೂಸಂಪರ್ಕ ಸರಿಯಿದೆಯೇ ಎಂಬುದನ್ನೂ ಆ ಗುಂಡಿ ತಿಳಿಸುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಅಳೆಯಿಸಬೇಕು.