ಊಹೆಗೆ ಸಿಗದ ಅತಿಥಿ

ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ 1981ರಲ್ಲಿ ಪ್ರಕಟಿಸಿದ ‘ಕ್ಯಾಥೆಡ್ರಲ್’ ಕಥೆಯಲ್ಲಿ ನಡೆಯುವುದು ಇಷ್ಟೇ. ನಿರೂಪಕನ ಹೆಂಡತಿಯ ಹಳೆಯ ಗೆಳೆಯ, ಕಣ್ಣು ಕಾಣದ ರಾಬರ್ಟ್, ಒಂದು ರಾತ್ರಿ ತಂಗಲು ಮನೆಗೆ ಬರುತ್ತಾನೆ. ಊಟವಾಗುತ್ತದೆ, ಟಿವಿ ಹಾಕಿಕೊಂಡು ಕೂರುತ್ತಾರೆ. ಕಥೆ ಹೇಳುವವನು ಮನೆಯ ಗಂಡಸು, ಅವನಿಗೆ ಈ ಅತಿಥಿ ಸುತರಾಂ ಬೇಡ. ಕಥೆ ಮುಗಿಯುವಾಗ ಅದೇ ಇಬ್ಬರು ನೆಲದ ಮೇಲೆ ಕೂತು ಒಂದೇ ಪೆನ್ನಿನಲ್ಲಿ ಚಿತ್ರ ಬಿಡಿಸುತ್ತಿರುತ್ತಾರೆ. ಕಾರ್ವರ್ ಅವರ ಬಾಳಸಂಗಾತಿ, ಕವಯಿತ್ರಿ ಟೆಸ್ ಗ್ಯಾಲಗರ್ ಅವರ ಅಂಧ ಸ್ನೇಹಿತರೊಬ್ಬರು ಮನೆಗೆ ಬಂದದ್ದೇ ಈ ಕಥೆಗೆ ಪ್ರೇರಣೆ.

ಕೆಲವೇ ಗಂಟೆಗಳಲ್ಲಿ ಆ ಮನುಷ್ಯ ಬದಲಾದದ್ದು ಹೇಗೆ? ಇನ್ನೊಬ್ಬರ ಜಾಗದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ನೋಡಿದರೆ ಸಹಾನುಭೂತಿ ತಾನಾಗಿ ಬರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಈ ನಿರೂಪಕ ಆ ಕೆಲಸವನ್ನು ಮೊದಲೇ ಮಾಡಿರುತ್ತಾನೆ. ರಾಬರ್ಟನ ಹೆಂಡತಿ ಕ್ಯಾನ್ಸರಿನಿಂದ ಆಗಷ್ಟೇ ತೀರಿಕೊಂಡಿದ್ದಾಳೆ. ತನ್ನ ಮುಖವನ್ನು ಒಮ್ಮೆಯೂ ಕಾಣದ ಗಂಡನೊಡನೆ ಆಕೆ ಬಾಳಿದ್ದನ್ನು ಇವನು ಊಹಿಸಿಕೊಂಡು ಮರುಗುತ್ತಾನೆ. ಆ ಮರುಕದಲ್ಲಿ ಇವನ ಕಲ್ಪನೆಯಿದೆ, ಆ ದಂಪತಿಯ ಸಂಸಾರವಿಲ್ಲ. ಅಂಧರ ಬಗ್ಗೆ ಇವನಿಗೆ ಗೊತ್ತಿರುವುದೆಲ್ಲ ಸಿನಿಮಾದಿಂದ ಬಂದದ್ದು. ಎದುರಿಗೆ ಬಂದವನಿಗೋ ತುಂಬು ಗಡ್ಡ, ಕಪ್ಪು ಕನ್ನಡಕವಿಲ್ಲ. ಸಿಗರೇಟು ಸೇದುತ್ತಾನೆ. ತನ್ನ ಮನೆಯಲ್ಲಿ ಎರಡು ಟಿವಿ ಇದ್ದು, ತಾನು ಹಾಕುವುದು ಕಲರ್ ಟಿವಿಯನ್ನೇ ಅನ್ನುತ್ತಾನೆ.

ಮನೋವಿಜ್ಞಾನಿಗಳಾದ ತಾಲ್ ಎಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೊಲಸ್ ಎಪ್ಲಿ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಿದರೆ ಅವರ ಮನಸ್ಸು ಅರ್ಥವಾಗುತ್ತದೆ ಎಂಬ ನಂಬಿಕೆಯನ್ನು 25 ಪ್ರಯೋಗಗಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಖಭಾವ ಗುರುತಿಸುವುದು, ಸುಳ್ಳು ಪತ್ತೆಹಚ್ಚುವುದು, ಸಂಗಾತಿಯ ಇಷ್ಟಾನಿಷ್ಟ ಹೇಳುವುದು ಮುಂತಾದ ಕೆಲಸಗಳಿಗೆ ಮುನ್ನ ಕೆಲವರಿಗೆ ‘ಅವರ ಜಾಗದಲ್ಲಿ ನಿಂತು ಯೋಚಿಸಿ’ ಎಂದು ಹೇಳಲಾಗಿತ್ತು. ಹಾಗೆ ಯೋಚಿಸಿದವರ ಅಂದಾಜು ಹೆಚ್ಚು ನಿಖರವೇನೂ ಆಗಲಿಲ್ಲ. ನಿಖರತೆ ಹೆಚ್ಚಿದ್ದು ಎದುರಿನವರನ್ನೇ ಕೇಳಿ ತಿಳಿದುಕೊಂಡಾಗ. ಊಹಿಸಲು ಹೊರಟ ಮನಸ್ಸು ತನ್ನಲ್ಲಿ ಈಗಾಗಲೇ ಇರುವ ಸರಕಿನಿಂದಲೇ ಶುರುಮಾಡುತ್ತದೆ. ಆಮೇಲೆ ಅದನ್ನು ಅಷ್ಟಿಷ್ಟು ತಿದ್ದಿಕೊಂಡು ಅಲ್ಲಿಗೇ ನಿಲ್ಲಿಸುತ್ತದೆ.

ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಏರಿಯೆಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಈ ಕಥೆಗೆ ಇನ್ನೂ ಹತ್ತಿರದ್ದು. ಸಿಲ್ವರ್‌ಮನ್ ಸ್ವತಃ ಅಂಧರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಕೆಲಸ ಮಾಡಿದವರಲ್ಲಿ ಅಂಧರ ಬಗ್ಗೆ ಮರುಕವೇನೋ ಹುಟ್ಟಿತು. ಜೊತೆಗೇ, ಅಂಧರು ಉದ್ಯೋಗಕ್ಕೂ ಸ್ವತಂತ್ರ ಬದುಕಿಗೂ ಅಷ್ಟಾಗಿ ಸಮರ್ಥರಲ್ಲ ಎಂಬ ಅಭಿಪ್ರಾಯವೂ ಬಲವಾಯಿತು. ಕಾರಣ ಸರಳ. ಬಟ್ಟೆ ಕಟ್ಟಿಕೊಂಡವರಿಗೆ ಸಿಕ್ಕಿದ್ದು ದೃಷ್ಟಿ ಹೋದ ಮೊದಲ ಕ್ಷಣಗಳ ಗಾಬರಿ ಮಾತ್ರ. ವರ್ಷಗಳಿಂದ ಹಾಗೆಯೇ ಬದುಕಿದವರ ಕೈಯ, ಕಿವಿಯ ಕೌಶಲ ಅವರ ಅನುಭವಕ್ಕೆ ಬರಲೇ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಜಾಗೃತಿ ಕಾರ್ಯಕ್ರಮಗಳ ಆಯೋಜಕರು ಈ ಅಧ್ಯಯನವನ್ನು ಓದಲೇಬೇಕು.

ಕಾರ್ವರ್ ಅವರ ನಿರೂಪಕನೂ ಕೊನೆಯಲ್ಲಿ ಕಣ್ಣು ಮುಚ್ಚುತ್ತಾನೆ. ಆದರೆ ಅದಕ್ಕೆ ಮುಂಚೆ ಏನಾಯಿತು ನೋಡಿ. ಟಿವಿಯಲ್ಲಿ ದೊಡ್ಡ ದೊಡ್ಡ ಚರ್ಚುಗಳ ಕಾರ್ಯಕ್ರಮ ಬರುತ್ತಿದೆ, ಹೆಂಡತಿ ನಿದ್ದೆಹೋಗಿದ್ದಾಳೆ. ಕ್ಯಾಥೆಡ್ರಲ್ ಹೇಗಿರುತ್ತದೆಂದು ರಾಬರ್ಟನಿಗೆ ವಿವರಿಸಲು ಹೋಗಿ ಇವನು ಸೋಲುತ್ತಾನೆ. ಕಣ್ಣಿದ್ದೂ ಹೇಳಲಾಗದ ಆ ಸೋಲೇ ಕಥೆಯ ತಿರುವು ಎಂದು ನನಗನ್ನಿಸುತ್ತದೆ. ಆಗ ರಾಬರ್ಟ್ ದಪ್ಪ ಕಾಗದ, ಪೆನ್ನು ತರಿಸುತ್ತಾನೆ. ಇವನು ಅಡುಗೆಮನೆಯಿಂದ ಕಾಗದದ ಚೀಲ ತಂದು, ತಳದಲ್ಲಿದ್ದ ಈರುಳ್ಳಿ ಸಿಪ್ಪೆ ಕೊಡವಿ, ಹರಡುತ್ತಾನೆ. ರಾಬರ್ಟ್ ಕಾಗದದ ಅಂಚುಗಳನ್ನು ತಡವಿ ಅಳತೆ ತಿಳಿದುಕೊಂಡು, ಪೆನ್ನು ಹಿಡಿದ ಇವನ ಕೈಯ ಮೇಲೆ ತನ್ನ ಕೈ ಇಡುತ್ತಾನೆ. ಬಿಡಿಸಿದ್ದರ ಮೇಲೆ ಬೆರಳಾಡಿಸಿ ಸರಿಯೆಂದು ತಲೆದೂಗುತ್ತಾನೆ. ಆಮೇಲೆ ಕಣ್ಣು ಮುಚ್ಚಲು ಹೇಳುವವನೂ ಅವನೇ. ಇಲ್ಲಿ ಅಂಧ ಕಲಿಸುತ್ತಿದ್ದಾನೆ, ಕಣ್ಣಿರುವವನು ಕಲಿಯುತ್ತಿದ್ದಾನೆ. ಪ್ರಯೋಗಾಲಯದ ಕಣ್ಣುಪಟ್ಟಿಗೂ ಈ ಕಣ್ಣುಮುಚ್ಚುವಿಕೆಗೂ ಇರುವ ದೊಡ್ಡ ವ್ಯತ್ಯಾಸ ಇದು.

ಎರಡು ಕೈ ಒಟ್ಟಿಗೆ ಚಲಿಸುವುದಕ್ಕೂ ತನ್ನದೇ ಪರಿಣಾಮವಿದೆ. ಸ್ಟ್ಯಾನ್‌ಫರ್ಡ್‌ನ ಸ್ಕಾಟ್ ವಿಲ್ಟರ್ಮುತ್ ಮತ್ತು ಚಿಪ್ ಹೀತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದವರು ಮಾಮೂಲಿಯಾಗಿ ನಡೆದವರಿಗಿಂತ ಆನಂತರದ ಆಟದಲ್ಲಿ ಹೆಚ್ಚು ಸಹಕರಿಸಿದರು. ನಮ್ಮ ಕೋಲಾಟದವರಿಗೆ, ಭಜನೆಯವರಿಗೆ ಇದು ಹೊಸ ಸುದ್ದಿಯೇನಲ್ಲ.

ಇಂಥ ಕಥೆ ಓದಿದ ನಾವೂ ಬದಲಾಗುತ್ತೇವೆಯೆ? ಸಾಹಿತ್ಯಕ ಕಥೆ ಓದಿದ ಕೂಡಲೇ ಇತರರ ಮನಸ್ಸನ್ನು ಗ್ರಹಿಸುವ ಶಕ್ತಿ ಹೆಚ್ಚುತ್ತದೆ ಎಂದು ಡೇವಿಡ್ ಕಿಡ್ ಮತ್ತು ಇಮಾನ್ಯುಯೆಲ್ ಕಸ್ತಾನೊ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಬೇರೆ ಕೆಲವು ತಂಡಗಳು ಆ ಪ್ರಯೋಗವನ್ನು ಮತ್ತೆ ಮಾಡಿದಾಗ ಅದೇ ಫಲ ಸಿಗಲಿಲ್ಲ. 14 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಕಂಡದ್ದು ಚಿಕ್ಕ ಪರಿಣಾಮ. ಸಾಹಿತ್ಯವನ್ನು ಪ್ರೀತಿಸುವ ನನಗೆ ಇದರಿಂದ ನಿರಾಸೆಯಿಲ್ಲ. ಕಾರ್ವರ್ ಅವರ ನಿರೂಪಕ ಕೂಡ ರಾಬರ್ಟನ ಬಗ್ಗೆ ಎಷ್ಟೋ ಕೇಳಿದ್ದ. ಹೆಂಡತಿಗೆ ಬಂದ ಧ್ವನಿಟೇಪಿನಲ್ಲಿ ಅವನ ದನಿಯನ್ನೂ ಆಲಿಸಿದ್ದ. ಅಷ್ಟರಿಂದ ಅವನಲ್ಲಿ ಏನೂ ಬದಲಾಗಿರಲಿಲ್ಲ.