ಖಾಲಿ ಕಾಡತೂಸಿನ ಪೆನ್ನು: ಲೆಕ್ಕ ಮತ್ತು ಕಾನೂನು

ಬಂದೂಕಿನಿಂದ ಗುಂಡು ಹಾರಿದ ನಂತರ ಉಳಿಯುವ ಹಿತ್ತಾಳೆಯ ಕೋಶವನ್ನು ಲೇಥ್ ಯಂತ್ರದಲ್ಲಿ ಕಡೆದು ಪೆನ್ನು ತಯಾರಿಸುವ ಉದ್ಯೋಗವು ಅಮೆರಿಕ ಮುಂತಾದ ದೇಶಗಳಲ್ಲಿ ಗೃಹ ಕೈಗಾರಿಕೆಯಾಗಿ ಬೆಳೆದಿದೆ. ಕಲ್ಪನೆ ಹೊಸದೇನಲ್ಲ. 1914ರ ಕ್ರಿಸ್‌ಮಸ್ ಹಬ್ಬಕ್ಕೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆ ಹಂಚಲಾದ ಹಿತ್ತಾಳೆಯ ಡಬ್ಬಿಗಳಲ್ಲಿ ಕೆಲವರಿಗೆ ಕಾಡತೂಸಿನ ಕೋಶದೊಳಗೆ ಅಳವಡಿಸಿದ ಪೆನ್ಸಿಲ್ ದೊರೆತಿತ್ತು.

ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಇಂಥ ಕಡೆ ಯಂತ್ರಗಳ ದುರಸ್ತಿಗಾಗಿ ಲೇಥ್ ಇರಿಸಿಕೊಂಡವರಿಗೆ ಬಿಡುವಿನ ದಿನಗಳಲ್ಲಿ ಈ ಬಗೆಯ ಉಡುಗೊರೆ ಪೆನ್ನು ಉಪ ಉತ್ಪನ್ನವಾಗಬಲ್ಲದೆಂದು ತೋರುವುದು ಸಹಜ. ಆದರೆ ಬಂಡವಾಳ ಹೂಡುವ ಮುನ್ನ ಎರಡು ಪ್ರಶ್ನೆಗಳನ್ನು ಪರಿಶೀಲಿಸತಕ್ಕದ್ದು: ವೆಚ್ಚದಲ್ಲಿ ಕಾಡತೂಸಿನ ಪಾಲೆಷ್ಟು? ಅಪಾಯದಲ್ಲಿ ಅದರ ಪಾಲೆಷ್ಟು?

ತಯಾರಿಕೆಯ ಕ್ರಮ

ರೈಫಲ್ ಕಾಡತೂಸಿನ ಕೋಶವು ಸಾಮಾನ್ಯವಾಗಿ ಶೇ. 70ರಷ್ಟು ತಾಮ್ರ ಮತ್ತು ಶೇ. 30ರಷ್ಟು ಸತುವಿನ ಮಿಶ್ರಲೋಹ. 7.62 ಮಿ.ಮೀ. ರೈಫಲ್‌ನ ಕೋಶದ ಉದ್ದ ಸುಮಾರು 51 ಮಿ.ಮೀ., ತೂಕ ಸುಮಾರು 12 ಗ್ರಾಂ. ಕೋಶವನ್ನು ತೊಳೆದು, ತಳದಲ್ಲಿರುವ ಸಿಡಿದ ಪ್ರೈಮರ್ ತೆಗೆದು, ಅಲ್ಲಿ ರಂಧ್ರ ಕೊರೆದು, ಒಳಗೆ 7 ಮಿ.ಮೀ. ಹಿತ್ತಾಳೆ ಕೊಳವೆಯನ್ನು ಅಂಟಿನಿಂದ ಕೂರಿಸಲಾಗುತ್ತದೆ. ಬಳಿಕ ತುದಿ, ತಿರುಗಿಸುವ ಭಾಗ, ಕ್ಲಿಪ್ ಮತ್ತು ರೀಫಿಲ್ ಜೋಡಿಸಿ, ಹೊರಮೈಗೆ ಹೊಳಪು ಕೊಡಲಾಗುತ್ತದೆ. ಪ್ರೈಮರ್‌ನ ಶೇಷದಲ್ಲಿ ಸೀಸದ ಅಂಶವಿರುವುದರಿಂದ ಒಣ ಉಜ್ಜುವಿಕೆ ಸಲ್ಲದು. ಕೈಗವಸು ಧರಿಸಬೇಕು, ಕೆಲಸದ ನಂತರ ಕೈ ತೊಳೆಯಬೇಕು. ಸಿಡಿಯದ ಕಾಡತೂಸನ್ನು ಯಾವ ಕಾರಣಕ್ಕೂ ಯಂತ್ರದ ಬಳಿಗೆ ತರಕೂಡದು.

ವೆಚ್ಚದ ಲೆಕ್ಕ

ಉದಾಹರಣೆಗಾಗಿ ಕೆಲವು ದರಗಳನ್ನು ಊಹಿಸಿಕೊಳ್ಳಬಹುದು. ಟರ್ನರ್‌ನ ದಿನಗೂಲಿ ರೂ. 800, ದಿನಕ್ಕೆ ಕಡೆಯುವ ಪೆನ್ನು 6, ಅವುಗಳಲ್ಲಿ ಒಂದು ತಿರಸ್ಕೃತ. ಹಿತ್ತಾಳೆ ಕೆ.ಜಿ.ಗೆ ರೂ. 500ರಂತೆ ಕೋಶವೊಂದಕ್ಕೆ ರೂ. 6, ಇತರ ಬಿಡಿಭಾಗಗಳಿಗೆ ಪೆನ್ನೊಂದಕ್ಕೆ ರೂ. 144. ವಿದ್ಯುತ್, ಉಳಿ, ಪಾಲಿಶ್ ಸೇರಿ ದಿನಕ್ಕೆ ರೂ. 150, ಮಾರಾಟಕ್ಕೆ ಸಿದ್ಧವಾದ 5 ಪೆನ್ನುಗಳ ಪೆಟ್ಟಿಗೆಗೆ ತಲಾ ರೂ. 40ರಂತೆ ರೂ. 200. ಒಟ್ಟು ವೆಚ್ಚ ರೂ. 2,050, ಪೆನ್ನೊಂದಕ್ಕೆ ರೂ. 410. ಇದರಲ್ಲಿ ಕಾಡತೂಸುಗಳ ಪಾಲು ರೂ. 36 ಮಾತ್ರ, ಅಂದರೆ ನೂರಕ್ಕೆ ಎರಡು ರೂಪಾಯಿಗೂ ಕಡಿಮೆ. ಗುಜರಿಯಲ್ಲಿ ಅಗ್ಗವಾಗಿ ಸಿಕ್ಕಿತೆಂಬ ಕಾರಣಕ್ಕೆ ಲಾಭ ಹೆಚ್ಚುವುದಿಲ್ಲ.

ಕಾನೂನಿನ ದೃಷ್ಟಿ

1959ರ ಶಸ್ತ್ರಾಸ್ತ್ರ ಕಾಯ್ದೆಯು ಮದ್ದುಗುಂಡಿನ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳನ್ನೂ ಸೇರಿಸಿದೆ. ಇತರ ಪೂರಕ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳನ್ನು ಹೊಂದಿರುವುದಕ್ಕೆ ಕಲಂ 45(ಡಿ) ವಿನಾಯಿತಿ ನೀಡುತ್ತದೆ. ರಂಧ್ರ ಕೊರೆದು ಪೆನ್ನಾಗಿಸಿದ ಕೋಶದ ಪರವಾಗಿ ಈ ವಿನಾಯಿತಿಯನ್ನು ವಾದಿಸಬಹುದು. ಆದರೆ ವಾದ ಮಂಡಿಸುವ ಪ್ರಸಂಗ ಬರುವುದು ಪ್ರಕರಣ ದಾಖಲಾದ ಮೇಲೆ! ಮೂಟೆಯಲ್ಲಿ ಹಾಗೆಯೇ ಇರುವ ನೂರಾರು ಖಾಲಿ ಕೋಶಗಳ ವಿಷಯದಲ್ಲಿ ಉದ್ದೇಶವನ್ನು ಮನವರಿಕೆ ಮಾಡಿಕೊಡುವುದು ಇನ್ನೂ ಕಷ್ಟ.

ಮೂಲದ ಪ್ರಶ್ನೆಯೂ ಇದೆ. ಸೇನೆ ಮತ್ತು ಪೊಲೀಸ್ ಇಲಾಖೆಗಳಲ್ಲಿ ಗುರಿ ಅಭ್ಯಾಸದ ನಂತರ ಖಾಲಿ ಕೋಶಗಳನ್ನು ಎಣಿಸಿ ಮರಳಿ ಜಮಾ ಮಾಡುವ ಪದ್ಧತಿಯಿದೆ. ಹೀಗಿರುವಾಗ ದಾಖಲೆಯಿಲ್ಲದೆ ಗುಜರಿ ತಕ್ಕಡಿಗೆ ಬಂದ ಮಾಲು ಎಲ್ಲಿಂದ ಬಂದಿತೆಂದು ಕೊಳ್ಳುವವನು ಕೇಳಲೇಬೇಕು. ಕಳವಿನ ಮಾಲೆಂದು ತಿಳಿದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಂತೆ ಅಪರಾಧ. ಆದ್ದರಿಂದ ಮೊದಲ ಖರೀದಿಗೂ ಮುನ್ನ ಜಿಲ್ಲಾ ದಂಡಾಧಿಕಾರಿಗಳಿಂದ ಲಿಖಿತ ಸ್ಪಷ್ಟನೆ ಕೋರುವುದು, ಪ್ರತಿ ಖರೀದಿಗೂ ಬಿಲ್ಲು ಪಡೆಯುವುದು, ಬಂದ ಕೋಶಗಳ ಸಂಖ್ಯೆ, ಪೆನ್ನಾದವು ಮತ್ತು ತಿರಸ್ಕೃತವಾದವುಗಳ ದಾಸ್ತಾನು ಪುಸ್ತಕ ಇಡುವುದು ಅವಶ್ಯಕ.

ತೆರಿಗೆ

2021ರ ಅಕ್ಟೋಬರ್ 1ರಿಂದ ಪೆನ್ನುಗಳ ಮೇಲಿನ ಜಿ.ಎಸ್.ಟಿ. ಶೇ. 18. ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ರಾಜಿ ತೆರಿಗೆ ಪದ್ಧತಿ ಆಯ್ದುಕೊಂಡ ತಯಾರಕರಿಗೆ ವಹಿವಾಟಿನ ಶೇ. 1ರಷ್ಟು ತೆರಿಗೆ, ಆದರೆ ಅವರು ಹೊರರಾಜ್ಯಕ್ಕೆ ಮಾರುವಂತಿಲ್ಲ. 2024ರ ಅಕ್ಟೋಬರ್ 10ರಿಂದ ನೋಂದಾಯಿತ ವರ್ತಕನು ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡರೆ ಅದರ ತೆರಿಗೆಯನ್ನು ಕೊಂಡವನೇ ಕಟ್ಟಬೇಕು. ಇದನ್ನು ಲೆಕ್ಕದಲ್ಲಿ ಮರೆಯುವವರು ಹಲವರು.

ಪರ್ಯಾಯ ಮಾರ್ಗ

ಹೊಸ ಹಿತ್ತಾಳೆ ಸರಳಿನಿಂದಲೇ ಪೆನ್ನು ಕಡೆದರೆ ಮೇಲಿನ ಕಾನೂನು ತೊಡಕು ಬಹುಮಟ್ಟಿಗೆ ತಪ್ಪುತ್ತದೆ. 12 ಮಿ.ಮೀ. ಸರಳಿನ 51 ಮಿ.ಮೀ. ತುಂಡಿನ ತೂಕ ಸುಮಾರು 49 ಗ್ರಾಂ. ಅದೇ ದರದಲ್ಲಿ ಸುಮಾರು ರೂ. 25. ಒಳಗೆ ಪೂರ್ತಿ ಕೊರೆಯಬೇಕಾದ್ದರಿಂದ ದಿನಕ್ಕೆ 5 ಪೆನ್ನು ಕಡೆದು 4 ಮಾತ್ರ ಮಾರಾಟಕ್ಕೆ ಸಿದ್ಧವಾದವೆಂದು ಹಿಡಿದರೆ ಪೆನ್ನೊಂದರ ವೆಚ್ಚ ಸುಮಾರು ರೂ. 489 ಆಗುತ್ತದೆ. ಹೆಚ್ಚಳ ರೂ. 79; ಹಿತ್ತಾಳೆ ಚೂರನ್ನು ಮರಳಿ ಮಾರಿದರೆ ಇನ್ನಷ್ಟು ಕಡಿಮೆ. ಆದರೆ ಸರಳಿನಿಂದ ಮಾಡಿದ್ದನ್ನು ನಿಜವಾದ ಕಾಡತೂಸಿನದೆಂದು ಮಾರುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸಿದೆ.

ಪೆನ್ನಿಗೆ ಕಾಡತೂಸಿನ ಆಕಾರವೇ ಬೇಕೆಂದಿಲ್ಲ. ಅಂಥ ಆಕಾರದ ವಸ್ತು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗ್ರಾಹಕನಿಗೆ ತೊಂದರೆ ತಂದೀತು. ನೆರೆಯ ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನುಗಳು 1930ರ ದಶಕದಿಂದ ಸ್ವದೇಶಿ ಕೈಕೆಲಸವೆಂಬ ಹೆಸರಿನಿಂದಲೇ ಗ್ರಾಹಕರನ್ನು ಗಳಿಸಿವೆ. ಅಶೋಕನ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದದ್ದು ಮಸ್ಕಿಯಲ್ಲಿ. ಆ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಕೊರೆದ ಹಿತ್ತಾಳೆ ಪೆನ್ನಿಗೆ ಈ ನೆಲದ್ದೇ ಆದ ಗುರುತು ದೊರೆಯುತ್ತದೆ. ಆಸಕ್ತ ಉದ್ದಿಮೆದಾರರು ಮೊದಲು ಹತ್ತು ಪೆನ್ನುಗಳನ್ನು ಸರಳಿನಿಂದ ತಯಾರಿಸಿ, ಪ್ರತಿಯೊಂದಕ್ಕೂ ತಗಲಿದ ಸಮಯವನ್ನು ಬರೆದಿಟ್ಟು, ಬೇಡಿಕೆ ನೋಡಿಕೊಂಡು ಮುಂದುವರಿಯುವುದು ಉಚಿತ.